ತಾಯಿಯ ತಟ್ಟೆಯ ಋಣ

‘ಮಾಡಿದ್ದುಣ್ಣೋ ಮಹರಾಯ’ ಎಂಬ ಮಾತನ್ನು ಸಕ್ಕರೆ ಕಾಯಿಲೆಯವರಷ್ಟು ಕೇಳಿಸಿಕೊಂಡವರು ನಮ್ಮಲ್ಲಿ ಇನ್ನೊಬ್ಬರಿರಲಾರರು. ನಮ್ಮ ಭಜನಾ ಮಂಡಳಿಯ ಒಬ್ಬಾಕೆಗೆ ಕಾಲಿನ ಗಾಯ ಮಾಯದೆ ಬೆರಳು ತೆಗೆಸಬೇಕಾಯಿತು. ನೋಡಿಕೊಂಡು ಬಂದವರು ಆಡಿದ್ದು ಎರಡೇ ಬಗೆಯ ಮಾತು. ಬಾಯಿಗೆ ಹಿಡಿತ ಇರಲಿಲ್ಲ ಎಂದು ಕೆಲವರು, ಪೂರ್ವಜನ್ಮದ ಕರ್ಮ ಎಂದು ಕೆಲವರು. ಹೇಗೆ ನೋಡಿದರೂ ತಪ್ಪು ಆಕೆಯದೇ. ಮೈಸೂರಿನ ಹೈಸ್ಕೂಲೊಂದರಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು ನಾನು. ನಿತ್ಯ ಗೀತೆ ಓದುತ್ತೇನೆ. ನನಗೂ ಸಕ್ಕರೆ ಕಾಯಿಲೆ ಇದೆ. ರೋಗ ಎನ್ನುವುದು ರೋಗಿಯ ಮೇಲೆ ಬಂದ ತೀರ್ಪೇ ಎಂಬ ಪ್ರಶ್ನೆಯನ್ನು ಈ ಮೂರೂ ಕಡೆಯಿಂದ ಕೇಳಿಕೊಂಡಿದ್ದೇನೆ.

ನಮ್ಮ ಕೈಯಲ್ಲಿರುವ ಪಾಲನ್ನು ಮೊದಲು ಹೇಳಿಬಿಡುತ್ತೇನೆ, ಅದೇನೂ ಸಣ್ಣದಲ್ಲ. ಉಂಡ ಮೇಲೆ ರಕ್ತಕ್ಕೆ ಸೇರುವ ಸಕ್ಕರೆಯ ದೊಡ್ಡ ಭಾಗವನ್ನು ಎಳೆದುಕೊಳ್ಳುವುದು ಸ್ನಾಯುಗಳು. ಸುಮ್ಮನೆ ಕೂತಿದ್ದಾಗ ಆ ಕೆಲಸಕ್ಕೆ ಇನ್ಸುಲಿನ್ ಬೇಕು. ನಡೆಯುವಾಗ ಹಾಗಲ್ಲ. ಸ್ನಾಯು ಬಿಗಿದು ಸಡಿಲಗೊಳ್ಳುವ ಕ್ರಿಯೆಯೇ ಜೀವಕೋಶದ ಬಾಗಿಲು ತೆರೆಯುತ್ತದೆ, ಇನ್ಸುಲಿನ್ ಸರಿಯಾಗಿ ನಾಟದ ದೇಹದಲ್ಲೂ ತೆರೆಯುತ್ತದೆ. ಅದಕ್ಕೇ ನಾನು ಊಟವಾದ ಕೂಡಲೇ ಒರಗುವುದಿಲ್ಲ, ತಾರಸಿಯ ಮೇಲೆ ಅಡ್ಡಾಡುತ್ತೇನೆ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತೇನೆ. ವಯಸ್ಸಾದಂತೆ ಸ್ನಾಯು ಕರಗುತ್ತದೆ, ಸಕ್ಕರೆಗೆ ಇರುವ ಜಾಗವೇ ಕಿರಿದಾಗುತ್ತದೆ. ಹಾಗಾಗಿ ಕೈಯೂರದೆ ಕುರ್ಚಿಯಿಂದ ಎದ್ದು ಕೂರುವುದನ್ನೂ ಬಿಟ್ಟಿಲ್ಲ. ತಟ್ಟೆಯಲ್ಲಿ ಮುದ್ದೆ ಅರ್ಧವಾಗಿದೆ, ಉಪ್ಪುಸಾರಿನ ಸೊಪ್ಪು ಕಾಳು ಹೆಚ್ಚಿದೆ. ಏಕಾದಶಿಗೆ ಅನ್ನ ಬಿಟ್ಟು ಸಬ್ಬಕ್ಕಿ ತಿಂದರೆ ವ್ರತ ನಡೆದೀತು, ಸಕ್ಕರೆ ಇಳಿಯದು. ಸಬ್ಬಕ್ಕಿ ಬಹುಪಾಲು ಬರೀ ಪಿಷ್ಟ. ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ನಿರಾಹಾರ ಮಾಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು.

ನಮ್ಮ ಧರ್ಮಗಳು ಊಟದ ಮಿತಿಯನ್ನು ಸಾಧನೆಯ ಭಾಗವಾಗಿ ಕಂಡಿವೆ. ಜೈನರು ಹೇಳುವ ಆರು ಬಾಹ್ಯ ತಪಸ್ಸುಗಳಲ್ಲಿ ಉಪವಾಸದ ಪಕ್ಕದಲ್ಲೇ ಅವಮೌದರ್ಯ ಇದೆ, ಅಂದರೆ ಹಸಿವಿಗಿಂತ ಕೊಂಚ ಕಡಿಮೆ ಉಣ್ಣುವುದು. ಗೀತೆಯ ಆರನೆಯ ಅಧ್ಯಾಯದ ಪ್ರಕಾರ ಅತಿಯಾಗಿ ಉಣ್ಣುವವನಿಗೂ ಯೋಗವಿಲ್ಲ, ಏನೂ ಉಣ್ಣದವನಿಗೂ ಇಲ್ಲ. ಆದರೆ ಈ ಮಾತುಗಳು ಮಿತಿಯ ಬಹುಮಾನವಾಗಿ ನಿರೋಗಿ ದೇಹದ ಭರವಸೆ ಕೊಡಲಿಲ್ಲ. ಅವು ಬಯಸಿದ್ದು ಆಸೆ ಹದಕ್ಕೆ ಬರಲಿ ಎಂದು. ಆರೋಗ್ಯವಂತನೇ ಸಂಯಮಿ, ರೋಗಿಯೇ ಲೋಭಿ ಎಂಬ ಲೆಕ್ಕ ನಾವು ಆಮೇಲೆ ಸೇರಿಸಿಕೊಂಡದ್ದು.

ದೇಹದ ಚಯಾಪಚಯ ಆ ಲೆಕ್ಕಕ್ಕೆ ಒಗ್ಗುವುದಿಲ್ಲ. ಸಾಮಾನ್ಯವಾಗಿ ದಿನವೊಂದರಲ್ಲಿ ನಾವು ವ್ಯಯಿಸುವ ಶಕ್ತಿಯ ಸುಮಾರು ಶೇಕಡಾ 60ರಿಂದ 70 ಭಾಗ ಸುಮ್ಮನೆ ಬದುಕಿರುವುದಕ್ಕೇ ಹೋಗುತ್ತದೆ, ಯಕೃತ್ತು, ಮಿದುಳು, ಹೃದಯ, ಮೂತ್ರಪಿಂಡಗಳ ಕೆಲಸಕ್ಕೆ. ಆ ಖರ್ಚಿಗೆ ನಮ್ಮ ಅಪ್ಪಣೆ ಬೇಕಿಲ್ಲ. ತೀರಾ ಕಡಿಮೆ ಉಂಡರೆ ದೇಹ ತಾನಾಗಿ ಖರ್ಚು ತಗ್ಗಿಸಿಕೊಳ್ಳುತ್ತದೆ. ಒಂದೇ ಪಂಕ್ತಿಯಲ್ಲಿ ಕೂತು ಒಂದೇ ಊಟ ಉಂಡ ಅಕ್ಕತಂಗಿಯರಲ್ಲಿ ಒಬ್ಬಳ ಸಕ್ಕರೆ ಏರುತ್ತದೆ, ಇನ್ನೊಬ್ಬಳದು ಏರುವುದಿಲ್ಲ.

ಏಕೆ ಹೀಗೆ ಎಂಬುದಕ್ಕೆ ಒಂದು ಸುಳಿವು ಸಿಕ್ಕಿದ್ದು ನಮ್ಮೂರಿನಲ್ಲೇ. ನಾವು ಮಿಷನ್ ಆಸ್ಪತ್ರೆ ಎನ್ನುವ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. ಡೇವಿಡ್ ಬಾರ್ಕರ್, ಕೆರೋಲಿನ್ ಫಾಲ್ ಮೊದಲಾದ ಸಂಶೋಧಕರು ಆ ದಾಖಲೆ ಹಿಡಿದು, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಇಲ್ಲೇ ನೆಲೆಸಿದ್ದ 517 ಜನರನ್ನು ಪರೀಕ್ಷಿಸಿದರು. 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅವರ ಫಲಿತಾಂಶದ ಪ್ರಕಾರ, ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲಿ ನಡುವಯಸ್ಸಿನ ಹೃದ್ರೋಗ ಹೆಚ್ಚು. ತಾಯಿಯೂ ಕೃಶಳಾಗಿದ್ದರೆ ಇನ್ನೂ ಹೆಚ್ಚು. ಸಕ್ಕರೆಯ ವಿಷಯಕ್ಕೆ ಬಂದರೆ, ಹಾಲೆಂಡಿನಲ್ಲಿ 1944-45ರ ಕ್ಷಾಮದ ಹೊತ್ತಿಗೆ ಗರ್ಭದಲ್ಲಿದ್ದವರ ದೇಹ ಐವತ್ತರ ಆಸುಪಾಸಿನಲ್ಲಿ ಸಕ್ಕರೆಯನ್ನು ನಿಭಾಯಿಸಲು ಉಳಿದವರಿಗಿಂತ ಹೆಚ್ಚು ತಿಣುಕುತ್ತಿತ್ತು. ಪೋಷಣೆ ಸಾಲದ ಭ್ರೂಣ ಮಿದುಳನ್ನು ಮೊದಲು ಕಾಪಾಡಿಕೊಳ್ಳುತ್ತದೆ, ಸ್ನಾಯು ಮತ್ತು ಮೇದೋಜೀರಕದ ಪಾಲಿಗೆ ಕೊರತೆ ಉಳಿಯುತ್ತದೆ ಎಂಬುದು ವಿಜ್ಞಾನಿಗಳ ವಿವರಣೆ.

ನಾನು ಹುಟ್ಟಿದ್ದು ಅದೇ ಮಿಷನ್ ಆಸ್ಪತ್ರೆಯಲ್ಲಿ, 1951ರಲ್ಲಿ. ನಮ್ಮಮ್ಮ ಸಣಕಲು ಹೆಂಗಸು. ಹದಿನಾಲ್ಕು ಜನರ ಮನೆಯಲ್ಲಿ ಎಲ್ಲರೂ ಉಂಡೆದ್ದ ಮೇಲೆ ತಳದ ಅನ್ನ, ತಿಳಿಸಾರು ಅವಳ ಪಾಲಿಗೆ. ಬಸುರಿಯಾಗಿದ್ದಾಗಲೂ ಅಷ್ಟೇ.

ಗೀತೆಯ ಹದಿನೆಂಟನೆಯ ಅಧ್ಯಾಯ ನನಗೆ ಅರ್ಥವಾದದ್ದು ಇಲ್ಲಿ. ಯಾವ ಕರ್ಮಕ್ಕಾದರೂ ಕೃಷ್ಣ ಐದು ಕಾರಣ ಹೇಳುತ್ತಾನೆ: ಅಧಿಷ್ಠಾನ ಅಂದರೆ ದೇಹ, ಕರ್ತೃ, ಇಂದ್ರಿಯಗಳು, ಬಗೆಬಗೆಯ ಚೇಷ್ಟೆಗಳು, ಐದನೆಯದು ದೈವ. ತಾನೊಬ್ಬನೇ ಕರ್ತೃ ಎಂದು ಕಾಣುವವನ ಬುದ್ಧಿ ಹದಗೊಂಡಿಲ್ಲ ಎಂದೂ ಹೇಳುತ್ತಾನೆ. ಐದರಲ್ಲಿ ಒಂದನ್ನಷ್ಟೇ ಹಿಡಿದು ರೋಗಿಯನ್ನು ದೂರುವವರು ಕರ್ಮಸಿದ್ಧಾಂತವನ್ನು ಆಡುತ್ತಿದ್ದೇವೆ ಎಂದುಕೊಂಡಿರುತ್ತಾರೆ, ಆದರೆ ಅದರ ಐದನೆಯ ಒಂದು ಪಾಲನ್ನು ಮಾತ್ರ ಆಡುತ್ತಿರುತ್ತಾರೆ. ಕೆರೆಯ ಏರಿಯ ಮೇಲೆ ನಡೆಯುವುದು ನನ್ನ ಚೇಷ್ಟೆ, ಅದನ್ನು ಬಿಡಲಾರೆ. ನಡೆಯುವ ದೇಹ ನಾನು ಕಟ್ಟಿದ್ದಲ್ಲ.

ಹಾಗಾದರೆ ಆಹಾರದ ಧರ್ಮ ನನ್ನ ತಟ್ಟೆಯಲ್ಲೇ ಮುಗಿಯುವುದಿಲ್ಲ. ಏಕಾದಶಿಗೆ ಮಾಡುವ ಸಂಕಲ್ಪದಷ್ಟೇ ಶ್ರದ್ಧೆಯಿಂದ ಇನ್ನೊಂದು ಸಂಕಲ್ಪ ಮಾಡಬೇಕು. ಮನೆಯ ಬಸುರಿ ಎಲ್ಲರಿಗಿಂತ ಮೊದಲು, ಬಿಸಿಯಾಗಿ, ಹೊಟ್ಟೆ ತುಂಬ, ಕಾಳು ಹಾಲು ಸೊಪ್ಪಿನೊಂದಿಗೆ ಉಣ್ಣಬೇಕು. ನಮ್ಮ ಮನೆಯ ಪಾತ್ರೆ ತೊಳೆಯುವಾಕೆ ಬಸುರಿಯಾದರೆ ಆಕೆಯೂ ಹಾಗೆಯೇ ಉಣ್ಣಬೇಕು. ಇದರ ಫಲವನ್ನು ಬಡಿಸಿದವರು ನೋಡಲಾರರು. ಇನ್ನೈವತ್ತು ವರ್ಷದ ಮೇಲೆ, ಈಗಿನ್ನೂ ಹುಟ್ಟದವರೊಬ್ಬರ ದೇಹದಲ್ಲಿ ಅದು ಕಂಡೀತು. ಫಲವನ್ನು ಬಯಸದೆ ಮಾಡುವ ಕರ್ಮಕ್ಕೆ ಇದಕ್ಕಿಂತ ಹತ್ತಿರದ ದಾರಿ ನನಗಂತೂ ಕಂಡಿಲ್ಲ.