ಪ್ರಾಯವೂ ಪ್ರಬುದ್ಧತೆಯೂ

ಪ್ರಾಯವು ಬೇಡವೆಂದರೂ ಬರುವುದು. ಪ್ರಬುದ್ಧತೆಯು ಬಾ ಎಂದೊಡನೆ ಬಾರದು. ದೇಹದ ಬೆಳವಣಿಗೆಗೆ ಅನ್ನ ನೀರುಗಳು ಸಾಕು. ಮನಸ್ಸಿನ ಬೆಳವಣಿಗೆಗೆ ಏನು ಬೇಕು? ಹರೆಯಕ್ಕೆ ಬಂದ ಮಕ್ಕಳನ್ನುಳ್ಳ ತಂದೆತಾಯಿಗಳನ್ನು ಈ ಪ್ರಶ್ನೆಯು ಕಾಡದೆ ಬಿಡದು.

ಅಮೆರಿಕದ ಹೈಸ್ಕೂಲುಗಳ ಇಂಗ್ಲಿಷ್ ತರಗತಿಯು ಈ ಪ್ರಶ್ನೆಗೆ ಕಥೆಗಳ ಮೂಲಕ ಉತ್ತರವನ್ನು ಅರಸುತ್ತ ಬಂದಿದೆ. ಬಾಲ್ಯವನ್ನು ದಾಟಿ ಯೌವನದ ಹೊಸ್ತಿಲಲ್ಲಿ ನಿಂತವರ ಕಥೆಗಳನ್ನು ಅದೇ ವಯಸ್ಸಿನ ವಿದ್ಯಾರ್ಥಿಗಳ ಕೈಗಿಡುವುದು ಅಲ್ಲಿಯ ವಾಡಿಕೆ. ಆದರೆ ಈ ಕಥಾನಾಯಕರು ಆದರ್ಶ ಬಾಲಕರಲ್ಲ. ಅವರು ಸುಳ್ಳಾಡುವರು, ಸಾಕಿದವರನ್ನು ನೋಯಿಸುವರು, ಮನೆ ಬಿಟ್ಟು ಓಡುವರು. ಇಂಥವರ ಚರಿತ್ರೆಯನ್ನು ಎಳೆಯರಿಗೆ ಓದಿಸುವುದು ತಕ್ಕುದೇ ಎಂಬ ಶಂಕೆಯು ಸಹಜವಾದುದು. ಶಂಕೆಯನ್ನು ತಳ್ಳಿಹಾಕುವ ಮೊದಲು ಕಥೆಗಳನ್ನೇ ನೋಡಬೇಕು.

ಚಾರ್ಲ್ಸ್ ಡಿಕೆನ್ಸನು 1860-61ರಲ್ಲಿ ಬರೆದ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' ಎಂಬ ಕಾದಂಬರಿಯ ಪಿಪ್ ತಬ್ಬಲಿ. ಅವನನ್ನು ಮಮತೆಯಿಂದ ಕಂಡವನು ಅಕ್ಕನ ಗಂಡನಾದ ಜೋ ಎಂಬ ಕಮ್ಮಾರ. ಅಜ್ಞಾತ ದಾನಿಯೊಬ್ಬನ ಹಣದಿಂದ ಪಿಪ್ ಲಂಡನ್ನಿಗೆ ಹೋಗಿ ದೊಡ್ಡ ಮನುಷ್ಯನಾಗುವನು. ಅವನನ್ನು ಕಾಣಲು ಜೋ ಬಂದಾಗ ಆ ಕಮ್ಮಾರನ ಒರಟು ನಡವಳಿಕೆಯನ್ನು ಕಂಡು ನಾಚುವನು. ಮುಂದೆ ಆ ದಾನಿಯು ತಾನು ಬಾಲ್ಯದಲ್ಲಿ ಅಂಜಿಕೆಯಿಂದ ಅನ್ನವಿತ್ತ ಒಬ್ಬ ಸೆರೆಯಾಳೆಂದು ತಿಳಿಯುವುದು. ಮೊದಲು ಅವನನ್ನು ಕಂಡು ಹೇಸಿದ ಪಿಪ್, ಕಡೆಗೆ ಅವನ ಕೈಹಿಡಿದು ಮರಣಶಯ್ಯೆಯ ಬಳಿ ಕುಳಿತುಕೊಳ್ಳುವನು. ಲಂಡನ್ನಿನ ಉಡುಪು ಅವನನ್ನು ದೊಡ್ಡವನನ್ನಾಗಿ ಮಾಡಲಿಲ್ಲ. ತಾನು ಯಾರ ಮುಂದೆ ಸಣ್ಣವನಾದೆನೆಂಬ ಅರಿವು ಮಾಡಿತು.

ಮಾರ್ಕ್ ಟ್ವೇನನ 'ಹಕಲ್‌ಬೆರಿ ಫಿನ್' 1884ರಲ್ಲಿ ಇಂಗ್ಲೆಂಡಿನಲ್ಲಿಯೂ 1885ರಲ್ಲಿ ಅಮೆರಿಕದಲ್ಲಿಯೂ ಹೊರಬಂದಿತು. ಅದರ ಕಥೆ ನಡೆಯುವುದು ಮನುಷ್ಯನನ್ನು ಕೊಂಡು ಮಾರುತ್ತಿದ್ದ ಕಾಲದಲ್ಲಿ. ಹಕ್ ಎಂಬ ಹುಡುಗನೂ ಒಡತಿಯಿಂದ ತಪ್ಪಿಸಿಕೊಂಡ ಜಿಮ್ ಎಂಬ ಗುಲಾಮನೂ ಮಿಸಿಸಿಪಿ ನದಿಯಲ್ಲಿ ತೆಪ್ಪದ ಮೇಲೆ ಸಾಗುವರು. ಗುಲಾಮನ ಓಟಕ್ಕೆ ನೆರವಾಗುವುದು ಕಳ್ಳತನ, ಮಹಾಪಾಪ ಎಂದು ಹಕ್‌ನಿಗೆ ಊರು ಕಲಿಸಿತ್ತು. ಜಿಮ್ ಇರುವ ತಾವನ್ನು ತಿಳಿಸಿ ಅವನ ಒಡತಿಗೆ ಹಕ್ ಕಾಗದ ಬರೆಯುವನು. ಪಾಪ ತೊಳೆಯಿತೆಂದು ಹಗುರಾಗುವನು. ಆದರೆ ತನ್ನನ್ನು ಎಬ್ಬಿಸದೆ ತನ್ನ ಪಾಳಿಯ ಕಾವಲನ್ನೂ ತಾನೇ ಕಾಯುತ್ತಿದ್ದ ಜಿಮ್‌ನ ಮುಖವು ನೆನಪಿಗೆ ಬರುವುದು. ನರಕವಾದರೂ ಬರಲೆಂದು ಹಕ್ ಕಾಗದವನ್ನು ಹರಿದುಹಾಕುವನು.

ಇಲ್ಲಿರುವ ಪ್ರಶ್ನೆ ಗಂಭೀರವಾದುದು. ಹುಡುಗನ ಅಂತಃಸಾಕ್ಷಿಯೇ ಅವನನ್ನು ಅಧರ್ಮಕ್ಕೆ ಎಳೆಯಿತಲ್ಲ! ಹಾಗಾದರೆ ಹಿರಿಯರ ಬೋಧೆಗೆ ಬೆಲೆಯಿಲ್ಲವೆ? ಅದು ಸರಿಯಲ್ಲ. ಹಕ್‌ನನ್ನು ತಿರುಗಿಸಿದುದು ಸ್ವಚ್ಛಂದತೆಯಲ್ಲ, ಒಡನಿದ್ದವನ ಉಪಕಾರದ ನೆನಪು. ಬೋಧೆಯನ್ನು ಪರರ ನೋವಿನ ಒರೆಗಲ್ಲಿಗೆ ಹಚ್ಚಿ ನೋಡುವ ಶಕ್ತಿಯೇ ಪ್ರಬುದ್ಧತೆ. ಆ ಶಕ್ತಿಯು ವಿಧಿನಿಷೇಧಗಳ ಪಟ್ಟಿಯಿಂದ ಬಾರದು. ತಪ್ಪು ಹೇಗೆ ಹುಟ್ಟುವುದು, ಹೇಗೆ ಸರಿಯೆಂದೇ ತೋರುವುದು, ಯಾವ ಗಳಿಗೆಯಲ್ಲಿ ಬಯಲಾಗುವುದು ಎಂಬುದನ್ನು ಒಳಗಿನಿಂದ ಕಾಣಿಸಲು ಕಥೆಗೆ ಮಾತ್ರ ಸಾಧ್ಯ.

ಆದರೂ ಈ ಪುಸ್ತಕದ ಮೇಲೆ ಬಂದ ಆಕ್ಷೇಪಗಳು ಒಂದೇ ತೂಕದವಲ್ಲ. 1885ರಲ್ಲಿಯೇ ಕಾಂಕರ್ಡ್ ಊರಿನ ಗ್ರಂಥಾಲಯವು ಒರಟು ಕೃತಿಯೆಂದು ಇದನ್ನು ಹೊರಗಿಟ್ಟಿತು. ಅದು ಮರ್ಯಾದಸ್ಥರ ಮುಜುಗರ. ಇಪ್ಪತ್ತನೆಯ ಶತಮಾನದಲ್ಲಿ ಕಪ್ಪುಜನರು ಎತ್ತಿದ ಆಕ್ಷೇಪವು ಬೇರೆಯದು. ಅವರನ್ನು ಹೀಯಾಳಿಸುವ ಒಂದು ಪದವು ಈ ಪುಸ್ತಕದಲ್ಲಿ 200ಕ್ಕೂ ಹೆಚ್ಚು ಬಾರಿ ಬರುವುದು. ತರಗತಿಯಲ್ಲಿ ಅದನ್ನು ಗಟ್ಟಿಯಾಗಿ ಓದಿದಾಗ, ಬಿಳಿಯ ಬಾಲಕನು ಹಕ್‌ನೊಡನೆ ಬೆಳೆಯುತ್ತಿರಬಹುದು. ಪಕ್ಕದ ಕಪ್ಪು ಬಾಲಕನು ತಲೆ ತಗ್ಗಿಸಿ ಕುಳಿತಿರುವನು. 2011ರಲ್ಲಿ ಅಲಬಾಮಾದ ಪ್ರಕಾಶನವೊಂದು ಆ ಪದದ ಬದಲು 'ಗುಲಾಮ' ಎಂಬರ್ಥದ ಪದವನ್ನಿಟ್ಟು ಅಚ್ಚು ಹಾಕಿತು. ಪದವು ಹೋಯಿತು, ಒಬ್ಬನ ಬೆಳವಣಿಗೆಗೆ ಇನ್ನೊಬ್ಬನ ನೋವು ಮೆಟ್ಟಿಲಾಗಬಹುದೆ ಎಂಬ ಪ್ರಶ್ನೆ ಹೋಗಲಿಲ್ಲ.

ಈ ಪ್ರಶ್ನೆಯ ಮೇಲೆ ಬೆಳಕು ಚೆಲ್ಲುವ ಕೃತಿಯೊಂದುಂಟು. ಕಪ್ಪು ಲೇಖಕಿ ಮಿಲ್ಡ್ರೆಡ್ ಟೇಲರ್ ಅವರು 1976ರಲ್ಲಿ ಪ್ರಕಟಿಸಿದ 'ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ' ಎಂಬುದು ಅದು. 1930ರ ದಶಕದ ಮಿಸಿಸಿಪಿ ರಾಜ್ಯದಲ್ಲಿ ಬಿಳಿಯ ಮಕ್ಕಳು ಓದಿ ಹಾಳುಗೆಡವಿದ ಪುಸ್ತಕಗಳು ಕಪ್ಪು ಮಕ್ಕಳ ಶಾಲೆಗೆ ಬರುವುವು. ಪುಸ್ತಕದ ರಟ್ಟಿನ ಒಳಬದಿಯಲ್ಲಿ ಅದು ಯಾವ ಸ್ಥಿತಿಯಲ್ಲಿ, ಯಾವ ಬಣ್ಣದವರ ಕೈಗೆ ಹೋಯಿತೆಂದು ಬರೆದಿರುವುದು. ಅದನ್ನು ಓದಿದ ಆರು ವರ್ಷದ ಬಾಲಕನು ಪುಸ್ತಕವನ್ನೇ ಒಲ್ಲೆನೆನ್ನುವನು. ಒಂಬತ್ತರ ಅಕ್ಕ ಕ್ಯಾಸಿ ಅವನ ಪರವಾಗಿ ನಿಂತು ಪೆಟ್ಟು ತಿನ್ನುವಳು. ಅದೇ ಶಾಲೆಯ ಉಪಾಧ್ಯಾಯಿನಿಯಾದ ತಾಯಿಯು ಮಕ್ಕಳನ್ನು ಬಯ್ಯುವುದಿಲ್ಲ, ಪುಸ್ತಕಗಳನ್ನು ಎಸೆಯುವುದೂ ಇಲ್ಲ. ಆ ಬರಹದ ಮೇಲೆ ಕಾಗದವನ್ನು ಅಂಟಿಸಿ ಅವೇ ಪುಸ್ತಕಗಳಿಂದ ಪಾಠ ಹೇಳಲು ಅಣಿಯಾಗುವಳು.

ಹಿರಿಯರ ಕರ್ತವ್ಯವು ಆ ತಾಯಿಯ ನಡೆಯಲ್ಲಿದೆ. ಕಠಿಣವಾದ ಪುಸ್ತಕವನ್ನು ಬಚ್ಚಿಡುವುದು ಸುಲಭ. ಮಕ್ಕಳ ಕೈಗೆ ಕೊಟ್ಟು ಸುಮ್ಮನಾಗುವುದು ಇನ್ನೂ ಸುಲಭ. ಅದನ್ನು ತೆರೆದು ಪಕ್ಕದಲ್ಲಿ ಕುಳಿತು, ನೋಯುವವರು ಯಾರೆಂದು ಮೊದಲು ನೋಡಿ, ಅವರ ಮಾತಿಗೆ ಎಡೆಗೊಟ್ಟು ಓದಿಸುವುದೇ ಕಷ್ಟ. ಪರರ ನೋವನ್ನರಿಯುವುದೇ ಪ್ರಬುದ್ಧತೆಯೆಂದು ಕಲಿಸುವ ಗುರುವು ತನ್ನ ತರಗತಿಯ ನೋವನ್ನು ಅರಿಯದಿದ್ದರೆ ನುಡಿಯೊಂದು, ನಡೆಯೊಂದಾಗುವುದು. ಮಕ್ಕಳು ಗ್ರಂಥವನ್ನು ಓದುವ ಮೊದಲು ಹಿರಿಯರ ನಡೆಯನ್ನು ಓದುವರು.