ಕ್ರಿಯೆಯ ನಡುವೆ ಫಲದೃಷ್ಟಿ

ಮಾಡುವ ಕಾರ್ಯದ ನಡುವೆಯೇ ಮಾಡಿದುದನ್ನು ತಿರುಗಿ ನೋಡುವುದು ಎಚ್ಚರಿಕೆಯ ಲಕ್ಷಣವೋ, ಚಿತ್ತಚಾಂಚಲ್ಯದ ಲಕ್ಷಣವೋ? ಕಾಯಕವನ್ನು ನಂಬಿದ ಗೃಹಸ್ಥಭಕ್ತರು ಇದನ್ನು ವಿಚಾರಿಸಲೇಬೇಕಾಗಿದೆ. ಡಿಜಿಟಲ್ ಕ್ಯಾಮೆರಾ ಈ ಪ್ರಶ್ನೆಯನ್ನು ನಮ್ಮ ಅಂಗೈಗೇ ತಂದಿರಿಸಿದೆ.

ಫಿಲ್ಮಿನ ಕಾಲದಲ್ಲಿ ಛಾಯಾಗ್ರಾಹಕನು 36 ಚಿತ್ರಗಳ ಸುರುಳಿಯನ್ನು ಮುಗಿಸಿ, ಅದನ್ನು ಕತ್ತಲೆಕೋಣೆಯಲ್ಲಿ ತೊಳೆಯುವವರೆಗೂ ತನ್ನ ಕೆಲಸದ ಫಲವನ್ನು ಕಾಣುವಂತಿರಲಿಲ್ಲ. 1995ರಲ್ಲಿ ಜಪಾನಿನ ಕ್ಯಾಸಿಯೋ ಸಂಸ್ಥೆಯು ಬೆನ್ನಿನ ಮೇಲೆ ಪುಟ್ಟ ಪರದೆಯುಳ್ಳ ಕ್ಯೂವಿ-10 ಎಂಬ ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದಿತು. ಮುಂದೆ ಈ ಕಾಯುವಿಕೆ ಕ್ರಮೇಣ ಇಲ್ಲವಾಯಿತು. ಈಗ ಗುಂಡಿಯನ್ನೊತ್ತಿದ ಮರುಕ್ಷಣವೇ ಚಿತ್ರವು ಕಣ್ಣೆದುರಿಗಿರುವುದು. ಪ್ರತಿಯೊಂದು ಚಿತ್ರಕ್ಕೂ ತಲೆ ತಗ್ಗಿಸಿ ನೋಡುವ ಚಟವನ್ನು ಆಂಗ್ಲ ಛಾಯಾಗ್ರಾಹಕರು 'ಚಿಂಪಿಂಗ್' ಎಂದು ಪರಿಹಾಸ ಮಾಡುವರು. ಚಿಂಪಾಂಜಿಯ ಹೆಸರಿನಿಂದ ಹುಟ್ಟಿದ ಮಾತಂತೆ. ಮನಸ್ಸನ್ನು ಮರ್ಕಟಕ್ಕೆ ಹೋಲಿಸುವುದು ನಮ್ಮ ಶರಣರಿಗೆ ಹೊಸತೇನಲ್ಲವಷ್ಟೆ!

ಹಾಗೆಂದು ಹಿಂದಿರುಗಿ ನೋಡುವುದನ್ನೆಲ್ಲ ಹಳಿಯುವುದು ನ್ಯಾಯವಲ್ಲ. ಒಳಗೆ ಕನ್ನಡಿಯುಳ್ಳ ಎಸ್‌ಎಲ್‌ಆರ್ ಜಾತಿಯ ಕ್ಯಾಮೆರಾದಲ್ಲಿ ಚಿತ್ರ ಮೂಡುವ ಕ್ಷಣಕ್ಕೆ ಆ ಕನ್ನಡಿ ಮೇಲಕ್ಕೆದ್ದು, ಕಣ್ಣಿಟ್ಟು ನೋಡುವ ಕಿಂಡಿ ಕತ್ತಲಾಗುತ್ತದೆ. ಯಾವ ಕ್ಷಣವನ್ನು ಹಿಡಿದನೋ ಆ ಕ್ಷಣವನ್ನೇ ಛಾಯಾಗ್ರಾಹಕನು ಕಂಡಿರುವುದಿಲ್ಲ. ವಧುವಿನ ಕಣ್ಣು ಮುಚ್ಚಿತೇ, ಬೆಳಕು ಹೆಚ್ಚಾಯಿತೇ ಎಂದು ಒಮ್ಮೆ ಪರೀಕ್ಷಿಸುವುದು ಅವನ ಕಾಯಕಧರ್ಮ. ಜೇಡರ ದಾಸಿಮಯ್ಯನವರ ಕಾಯಕವಾದ ನೇಯ್ಗೆಯಲ್ಲಿಯೂ ಎಳೆಯನ್ನು ಬೆರಳಿನಿಂದ ತಡವಿ ನೋಡದೆ ಮುಂದುವರಿಯುವಂತಿಲ್ಲ.

ಆದರೆ ಮನೆಯಲ್ಲಿ ಮಗಳಿಗೆ ಲಿಂಗದೀಕ್ಷೆಯಾಗುತ್ತಿದೆಯೆನ್ನಿ. ಗುರುಗಳು ಅವಳ ಕರಸ್ಥಲಕ್ಕೆ ಇಷ್ಟಲಿಂಗವನ್ನು ಕರುಣಿಸುವರು. ಚಿತ್ರ ತೆಗೆದ ತಂದೆಯು ಕೂಡಲೇ ತಲೆ ತಗ್ಗಿಸಿ ಪರದೆಯನ್ನು ನೋಡುವನು. ಚಿತ್ರ ಚೆನ್ನಾಗಿಯೇ ಬಂದಿದೆ. ಅಷ್ಟರಲ್ಲಿ ಮಗಳು ತಲೆಯೆತ್ತಿ ತಂದೆಯ ಕಣ್ಣುಗಳನ್ನು ಹುಡುಕಿ, ಕಾಣದೆ, ಮುಖವನ್ನು ಬೇರೆಡೆಗೆ ತಿರುಗಿಸಿರುತ್ತಾಳೆ. ಚಿತ್ರದಲ್ಲಿ ದೋಷವಿಲ್ಲ, ತಂದೆ ಮಾತ್ರ ಆ ಸಂಸ್ಕಾರಕ್ಕೆ ಸಾಕ್ಷಿಯಾಗಲಿಲ್ಲ.

ಅಂಗೈಯ ಲಿಂಗವನ್ನು ಎವೆಯಿಕ್ಕದೆ ನೋಡುವ ಅಭ್ಯಾಸವನ್ನು ಶಿವಯೋಗವು ಕಲಿಸುತ್ತದೆ. ಪೂಜೆಯು ಎಷ್ಟು ಚೆನ್ನಾಗಿ ನಡೆಯುತ್ತಿದೆಯೆಂದು ಭಕ್ತನು ನಡುನಡುವೆ ಲೆಕ್ಕ ಹಾಕತೊಡಗಿದರೆ ದೃಷ್ಟಿಯು ಲಿಂಗದಿಂದ ಜಾರಿ ತನ್ನ ಮೇಲೆಯೇ ಬೀಳುತ್ತದೆ. ಪೂಜೆ ನಡೆಯುತ್ತಲೇ ಇರುತ್ತದೆ, ಪೂಜೆಗೊಳ್ಳುವವನು ಬದಲಾಗಿರುತ್ತಾನೆ. ಪರದೆಯ ಮೋಹವೂ ಇದೇ ಜಾತಿಯದು. ಪರೀಕ್ಷಿಸುವವನು ತಪ್ಪನ್ನು ಹುಡುಕಿ, ಕಂಡರೆ ತಿದ್ದಿಕೊಂಡು ಮುಂದೆ ಸಾಗುವನು. ಮೋಹಿತನು ಹುಡುಕುವುದು ತನ್ನ ಕೌಶಲವನ್ನು. ಅದು ಎಷ್ಟು ಕಂಡರೂ ಅವನಿಗೆ ಸಾಲದು.

ತೆಗೆದ ಚಿತ್ರವು ತಾನಾಗಿ ಪರದೆಯ ಮೇಲೆ ಮೂಡದಂತೆ ಮಾಡುವ ಏರ್ಪಾಡು ಅನೇಕ ಕ್ಯಾಮೆರಾಗಳಲ್ಲಿ ಉಂಟು. ಕೆಲವರು ಅದನ್ನೇ ಪರಿಹಾರವೆನ್ನುವರು. ನನಗೆ ಅದು ಅರ್ಧ ಉಪಾಯವಾಗಿ ತೋರುತ್ತದೆ. ಪರದೆ ಆರಿದರೂ 'ಹೇಗೆ ಬಂದಿತೋ' ಎಂಬ ಹಂಬಲ ಒಳಗೆ ಆರದು. ಸಮಾರಂಭಕ್ಕೆ ಮುನ್ನವೇ ಒಂದೆರಡು ಚಿತ್ರ ತೆಗೆದು ಬೆಳಕನ್ನು ಪರೀಕ್ಷಿಸಿಕೊಂಡು, ಗುರುಗಳು ಆಸನದಲ್ಲಿ ಕುಳಿತ ಮೇಲೆ ಕಣ್ಣನ್ನು ಮಗಳ ಮೇಲೆಯೇ ಇರಿಸಬಹುದು. ಉಳಿದ ಪರಿಶೀಲನೆಗೆ ಪ್ರಸಾದವಾದ ನಂತರ ಬೇಕಾದಷ್ಟು ಹೊತ್ತಿರುತ್ತದೆ.