ಎರಡನೇ ಗಿಟಾರ್ ಕೊಳ್ಳುವ ಮೊದಲು

“ಇದ್ದದ್ದಕ್ಕ ಏನಾಗ್ಯಾದ?”

ಮಾನ್ವಿಯಲ್ಲಾಗಲಿ ದೇವದುರ್ಗದಲ್ಲಾಗಲಿ, ಮಗ ಎರಡನೇ ಎಲೆಕ್ಟ್ರಿಕ್ ಗಿಟಾರಿನ ಮಾತೆತ್ತಿದರೆ ಅಪ್ಪ ಕೇಳುವುದು ಇದನ್ನೇ. ಹುಡುಗರಿಗೆ ಇದು ಜಿಪುಣತನ ಅನಿಸುತ್ತದೆ. ನನಗೆ ಮಾತ್ರ ಈ ವಿಷಯದಲ್ಲಿ ಇದಕ್ಕಿಂತ ಚಲೋ ಪ್ರಶ್ನೆ ಕಾಣುವುದಿಲ್ಲ. ಇದಕ್ಕೆ ತಡವರಿಸದೆ ಒಂದೇ ವಾಕ್ಯದಲ್ಲಿ ಉತ್ತರ ಹೇಳಲು ಬಂತೆಂದರೆ ಕೊಳ್ಳುವ ಹೊತ್ತು ಬಂತು. “ಸೌಂಡ್ ಚಲೋ ಇಲ್ಲ” ಎನ್ನುವುದು ಉತ್ತರವಲ್ಲ. ಯಾವ ತಂತಿ, ಯಾವ ಜಾಗ, ಯಾವ ಹಾಡು, ಅದನ್ನು ಹೇಳಬೇಕು.

ನಮ್ಮ ಕಡೆ ಗಿಟಾರ್ ಕೆಟ್ಟಂತೆ ಕಾಣಲು ಬಿಸಿಲೊಂದೇ ಸಾಕು. ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುವುದು ಹೊಸದೇನಲ್ಲ. ಒಣಹವೆಗೆ ಗಿಟಾರಿನ ಕುತ್ತಿಗೆಯ ಕಟ್ಟಿಗೆ ಕುಗ್ಗುತ್ತದೆ, ಲೋಹದ ಫ್ರೆಟ್ ಕುಗ್ಗುವುದಿಲ್ಲ. ಫ್ರೆಟ್ಟಿನ ತುದಿಗಳು ಅಂಚಿನಿಂದ ಹೊರಗೆ ಬಂದು ಕೈಗೆ ಕೆರೆಯತೊಡಗುತ್ತವೆ. ಕುತ್ತಿಗೆಯ ಬಾಗು ಬದಲಾಗಿ ತಂತಿಗಳು ಮೇಲೇಳುತ್ತವೆ, ಇಲ್ಲವೇ ಫ್ರೆಟ್ಟಿಗೆ ತಾಗಿ ಜರ್ ಎನ್ನುತ್ತವೆ. ಇದಕ್ಕೆ ಬೇಕಾದದ್ದು ಕುತ್ತಿಗೆಯೊಳಗಿನ ಲೋಹದ ಸರಳನ್ನು, ಅಂದರೆ ಟ್ರಸ್ ರಾಡನ್ನು, ತುಸು ತಿರುಗಿಸುವುದು, ಫ್ರೆಟ್ಟಿನ ತುದಿಗೆ ಅರ ಹಾಕಿಸುವುದು, ಹೊಸ ತಂತಿ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಹೊಸ ತಂತಿ ಹಾಕಿ ಶ್ರುತಿ ಮಾಡಿ. 12ನೇ ಫ್ರೆಟ್ಟಿನ ನೇರಕ್ಕೆ ತಂತಿಯನ್ನು ಮುಟ್ಟಿಯೂ ಮುಟ್ಟದಂತೆ ಬೆರಳಿಟ್ಟು ಮೀಟಿ, ಆಮೇಲೆ ಅದೇ ಫ್ರೆಟ್ಟನ್ನು ಒತ್ತಿ ಮೀಟಿ. ಎರಡೂ ಸ್ವರ ಒಂದೇ ಇರಬೇಕು. ಒತ್ತಿದ ಸ್ವರ ಏರಿದ್ದರೆ ಬ್ರಿಜ್ಜಿನಲ್ಲಿ ಆ ತಂತಿ ಕೂರುವ ಸ್ಯಾಡಲನ್ನು ಹಿಂದಕ್ಕೆ ಸರಿಸಿ, ಇಳಿದಿದ್ದರೆ ಮುಂದಕ್ಕೆ. ಬೇಕಾದದ್ದು ಒಂದು ಸ್ಕ್ರೂಡ್ರೈವರ್, ಮೊಬೈಲಿನ ಟ್ಯೂನರ್. ಇಷ್ಟು ಮಾಡಿದ ಮೇಲೆ ಎಷ್ಟೋ ಜನರ ಹೊಸ ಗಿಟಾರಿನ ಆಸೆ ತಾನಾಗಿ ಇಳಿಯುತ್ತದೆ. ಇಳಿಯದಿದ್ದರೆ ಆಂಪ್ ಬದಲಿಸಿ ನೋಡಿ. ಬೈಸಿಕೊಳ್ಳುವುದು ಗಿಟಾರ್, ತಪ್ಪು ಬಹಳ ಸಲ ಆ ಸಣ್ಣ ಡಬ್ಬಿಯದು.

ರಾಯಚೂರಿಗೆ ಪಾಶ್ಚಾತ್ಯ ವಾದ್ಯ ಪರಕೀಯವೇನಲ್ಲ. ಪಂಡಿತ ನರಸಿಂಹಲು ವಡವಾಟಿ ಕ್ಲಾರಿಯೋನೆಟ್ ಹಿಡಿದು ಹಿಂದೂಸ್ತಾನಿ ಸಂಗೀತದಲ್ಲಿ ದೊಡ್ಡ ಹೆಸರು ಮಾಡಿದ್ದು ಇಲ್ಲಿಂದಲೇ. ಅವರ ಗುರು ಪಂಡಿತ ಸಿದ್ಧರಾಮ ಜಂಬಲದಿನ್ನಿ ಗಾಯಕರು. ಆದರೆ ಗಾಯಕರ ಕಂಠಕ್ಕೆ ಒಲಿಯುವ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ತೂತು, ಕೀಲಿಗಳ ಕ್ಲಾರಿಯೋನೆಟ್ಟಿನಲ್ಲಿ ಸಲೀಸಾಗಿ ಬರುವಂಥದ್ದಲ್ಲ. ತುಟಿಯಿಂದ, ಉಸಿರಿನಿಂದ, ಬೆರಳಿನಿಂದ ಅದನ್ನು ತರಿಸಬೇಕು. ವಾದ್ಯದ ಮಿತಿ ಎಲ್ಲಿದೆ ಎಂದು ಗೊತ್ತಾಗುವುದು ಅದರ ತುದಿಯವರೆಗೆ ಹೋದವರಿಗೆ ಮಾತ್ರ.

ತುದಿಯವರೆಗೆ ಹೋದವನ ಉತ್ತರ ಹೀಗಿರಬಹುದು: “ನಂದು ಸಿಂಗಲ್ ಕಾಯಿಲ್ ಐತ್ರಿ, ಆರ್ಕೆಸ್ಟ್ರಾದಾಗ ಲೈಟಿನ ಬಾಜೂಕ ನಿಂತ್ರ ಗುಂಯ್ ಅಂತದ.” ಇದು ನಿಜವಾದ ಕಾರಣ. 1955ರಲ್ಲಿ ಗಿಬ್ಸನ್ ಕಂಪನಿಯ ಸೇತ್ ಲವರ್ ರೂಪಿಸಿದ ಹಂಬಕರ್ ಪಿಕಪ್ ಇದಕ್ಕೆಂದೇ ಹುಟ್ಟಿದ್ದು. ಎರಡು ಸುರುಳಿಗಳು ಸೇರಿ ಆ ಗುಂಯ್‌ಗುಡುವಿಕೆಯನ್ನು ಅಳಿಸಿಹಾಕುತ್ತವೆ. ಆದರೂ ಮೊದಲು ಅರ್ತಿಂಗ್ ನೋಡಿ. ಶಕ್ತಿನಗರದ ವಿದ್ಯುತ್ ಸ್ಥಾವರ ಪಕ್ಕದಲ್ಲೇ ಇದ್ದರೇನು, ಎಷ್ಟೋ ಹಳೆ ಮನೆಗಳ ಸಾಕೆಟ್ಟಿಗೆ ಅರ್ತಿಂಗೇ ಇಲ್ಲ, ಅದು ಜೀವಕ್ಕೂ ಅಪಾಯ. ಕಾರ್ಯಕ್ರಮದ ನಡುವೆ ತಂತಿ ಹರಿದರೆ ಕೈಗೆ ಇನ್ನೊಂದು ಬೇಕು ಎನ್ನುವುದೂ ಸರಿಯಾದ ಕಾರಣವೇ. ಹಾಗಿದ್ದರೆ ಎರಡನೆಯದು ಮೊದಲಿನದರಂತೆಯೇ ಇರಲಿ, ಚೆಂದದ್ದೇ ಆಗಬೇಕೆಂದಿಲ್ಲ.

ಇನ್ನು ರೊಕ್ಕದ ಮಾತು. 12 ಸಾವಿರದ ಗಿಟಾರಿನಿಂದ 18 ಸಾವಿರದ್ದಕ್ಕೆ ಹೋಗುವುದು, ನನ್ನ ಲೆಕ್ಕದಲ್ಲಿ, ಬಣ್ಣ ಬದಲಿಸಿದಂತೆ ಅಷ್ಟೇ. ಎರಡು ಮೂರು ಪಟ್ಟು ಬೆಲೆಯದ್ದಕ್ಕೆ ಹೋದರೆ ಕೈಗೆ ವ್ಯತ್ಯಾಸ ತಿಳಿಯುತ್ತದೆ. ಅಷ್ಟು ರೊಕ್ಕ ಕೂಡುವವರೆಗೆ ಕಾಯಬೇಕು. ಮೊಬೈಲಿನಲ್ಲಿ ಒಂದು ಸಲ ಒತ್ತಿದರೆ ಕಂತಿನ ಮೇಲೆ ಸಿಗುತ್ತದೆ, ನಿಜ. ಆದರೆ ಕಂತು ತಿಂಗಳು ತಿಂಗಳು ಬರುತ್ತದೆ. ಹತ್ತಿ, ಭತ್ತದ ರೊಕ್ಕ ಹಾಗೆ ಬರುವುದಿಲ್ಲ. ಕಾಲುವೆಯ ಕೊನೆ ಭಾಗದ ಮಾನ್ವಿ ರೈತನಿಗೆ ಎರಡನೇ ಬೆಳೆಗೆ ನೀರು ಸಿಗುತ್ತದೋ ಇಲ್ಲವೋ ಎಂಬುದೇ ಖಾತ್ರಿ ಇಲ್ಲದಿರುವಾಗ, ಅವನ ಮಗ ವರ್ಷದ ಕಂತಿಗೆ ಒಪ್ಪಿಕೊಳ್ಳುವುದು ಮನೆಯವರ ಹೆಗಲಿಗೆ ಭಾರ ಏರಿಸಿದಂತೆಯೇ. ಮಾಲು ಮಾರಿದ ಮೇಲೆ, ಮನೆಯಲ್ಲಿ ಹೇಳಿ, ನಗದು ಕೊಟ್ಟು ತನ್ನಿ.

ಫೋಟೋ ನೋಡಿ ತರಿಸಬೇಡಿ. ಹೈದರಾಬಾದ್ 200 ಕಿಲೋಮೀಟರ್ ಆಸುಪಾಸು, ಬೆಳಿಗ್ಗೆ ಹೋದರೆ ರಾತ್ರಿ ವಾಪಸ್. ನಿಮ್ಮ ಗಿಟಾರನ್ನೂ ಚೀಲದಲ್ಲಿ ಒಯ್ಯಿರಿ. ಅಂಗಡಿಯ ಒಂದೇ ಆಂಪಿಗೆ ಎರಡನ್ನೂ ಸರದಿಯಲ್ಲಿ ಜೋಡಿಸಿ, ನಿಮಗೆ ಚೆನ್ನಾಗಿ ಬರುವ ಹಾಡಲ್ಲ, ಕೈ ತಡವರಿಸುವ ಹಾಡನ್ನೇ ಎರಡರಲ್ಲೂ ನುಡಿಸಿ. ಹೊಸದರಲ್ಲೂ ಅದೇ ಜಾಗದಲ್ಲಿ ಎಡವಿದರೆ ತಂತಿ ಎರಡು ಸೆಟ್ ಕೊಂಡು ಬಸ್ಸು ಹತ್ತಿ. ಎಡವದಿದ್ದರೆ ಬೆಲೆ ಮಾತಾಡಿ, ಹಳೆಯದನ್ನು ವಿನಿಮಯಕ್ಕೆ ಮಾತ್ರ ಕೊಡಬೇಡಿ. ಅದಕ್ಕೆ ಸಿಗುವ ಬೆಲೆ ಅಷ್ಟಕ್ಕಷ್ಟೇ, ಓಣಿಯಲ್ಲಿ ಕಲಿಯಬೇಕೆಂದು ಸುತ್ತುವ ಹುಡುಗ ಒಬ್ಬನಾದರೂ ಇದ್ದೇ ಇರುತ್ತಾನೆ.